ಪ್ರಾಯ ಕಳೆದ ಮೇಲೆ ಪರೀಕ್ಷೆ

ಕಳೆದ ವಾರ ಒಂದು ಸಂಜೆ, ಮರುದಿನದ ಸಂಚಿಕೆಯ ಗಡಿಬಿಡಿ ಇನ್ನೂ ಮೊದಲಾಗದಿದ್ದ ವೇಳೆಯಲ್ಲಿ, ಗೃಹಸ್ಥರೊಬ್ಬರು ನಮ್ಮ ಕಚೇರಿಗೆ ಬಂದು ಬಾಗಿಲಲ್ಲಿ ನಿಂತರು. ಒಳಕ್ಕೆ ಕರೆದು ಕುಳ್ಳಿರಿಸಿ, ಬಂದ ಕಾರಣವೇನೆಂದು ಕೇಳಿದರೆ ಸ್ವಲ್ಪ ಹೊತ್ತು ಅವರಿಂದ ಮಾತೇ ಹೊರಡಲಿಲ್ಲ. ಬಳಿಕ ಚೀಲದಿಂದ ಎರಡು ಅಂಕಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟು, “ಸ್ವಾಮಿ, ನನಗೆ ಈಗ ಮೂವತ್ತೆಂಟು ವರ್ಷ. ಪಿ.ಯು.ಸಿ. ಪರೀಕ್ಷೆಗೆ ಇನ್ನೊಮ್ಮೆ ಕಟ್ಟಬೇಕೆಂದಿದ್ದೇನೆ. ಕೇಳಿದವರೆಲ್ಲ ನಗುತ್ತಾರೆ. ತಾವು ಪತ್ರಿಕೆಯವರು, ನಾಲ್ಕು ವಿಷಯ ಬಲ್ಲವರು. ಇದು ನಗತಕ್ಕ ಮಾತೋ ಅಲ್ಲವೋ ತಾವೇ ಹೇಳಬೇಕು” ಎಂದರು.

ಅವರು ಹದಿನಾರು ವರ್ಷಗಳಿಂದ ಔಷಧದ ಅಂಗಡಿಯೊಂದರಲ್ಲಿ ನೌಕರರು. ವೈದ್ಯರ ಅಕ್ಷರವನ್ನು ಓದುವುದರಲ್ಲಿ ಅವರನ್ನು ಮೀರಿಸಿದವರು ಆ ಬೀದಿಯಲ್ಲಿಲ್ಲವೆಂದು ಅವರನ್ನು ಬಲ್ಲ ನಮ್ಮ ಸಿಬ್ಬಂದಿಯೊಬ್ಬರು ಆಮೇಲೆ ಹೇಳಿದರು. ಯಾವ ಮಾತ್ರೆ ಯಾವ ಕಪಾಟಿನ ಯಾವ ಅಂತಸ್ತಿನಲ್ಲಿದೆ, ಯಾವುದರ ಅವಧಿ ಮುಗಿಯುತ್ತ ಬಂದಿದೆ, ಯಾವುದನ್ನು ತಂಪಿನಲ್ಲಿಡಬೇಕು ಎಂಬುದೆಲ್ಲ ಅವರಿಗೆ ಅಂಗೈ ನೆಲ್ಲಿಯಂತೆ ಸ್ಪಷ್ಟ. ಆದರೆ 1948ರ ಫಾರ್ಮಸಿ ಕಾಯ್ದೆಯ 42ನೆಯ ಕಲಮಿನ ಪ್ರಕಾರ, ವೈದ್ಯರ ಚೀಟಿಯ ಮೇಲೆ ಔಷಧವನ್ನು ಸಿದ್ಧಪಡಿಸಿ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಉಂಟು. ಗೋಡೆಯ ಮೇಲೆ ತೂಗುವ ಪ್ರಮಾಣಪತ್ರ ಇನ್ನೊಬ್ಬರದು, ದುಡಿಮೆ ಇವರದು. ಸಂಬಳದಲ್ಲಿ ಇರುವ ಅಂತರವೂ ಅದಕ್ಕೆ ತಕ್ಕಂತೆಯೇ. ಸ್ವಂತ ಅಂಗಡಿಯನ್ನಿಡುವ ಮಾತಂತೂ ದೂರವೇ ಉಳಿಯಿತು.

ಕಾಯ್ದೆ ತಪ್ಪೆಂದು ನಾವು ಹೇಳುತ್ತಿಲ್ಲ. ಔಷಧವು ಅಕ್ಕಿ ಬೇಳೆಯಲ್ಲ. ಅದನ್ನು ಕೊಡುವವನು ರಸಾಯನ, ದೇಹಧರ್ಮ, ಪ್ರಮಾಣ ಇವನ್ನು ಕ್ರಮವಾಗಿ ಕಲಿತಿರಬೇಕೆಂಬುದು ಜನರ ಪ್ರಾಣರಕ್ಷಣೆಗಾಗಿ ಮಾಡಿದ ನಿಯಮ. ಆ ಗೃಹಸ್ಥರೂ ಕಾಯ್ದೆಯನ್ನು ದೂರಲಿಲ್ಲ. “ನಾನು ಕಲಿಯುತ್ತೇನೆ, ಕಲಿಯಲು ದಾರಿ ಬೇಕು” ಎಂಬುದಷ್ಟೇ ಅವರ ಅಹವಾಲು. ತೊಡಕು ಇರುವುದು ಹಿಂದೆ. ಫಾರ್ಮಸಿ ಡಿಪ್ಲೊಮಾಕ್ಕೆ ಸೇರಬೇಕಾದರೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಅವುಗಳೊಂದಿಗೆ ಜೀವಶಾಸ್ತ್ರ ಇಲ್ಲವೇ ಗಣಿತ ಓದಿರಬೇಕು. ಇವರು 2005ರಲ್ಲಿ ಪಾಸು ಮಾಡಿದ್ದು ಇತಿಹಾಸ, ಅರ್ಥಶಾಸ್ತ್ರಗಳ ಕಲಾ ವಿಭಾಗ. ಏಕೆ ಅದನ್ನು ಆರಿಸಿಕೊಂಡಿರಿ ಎಂದರೆ, “ನಮ್ಮ ಊರ ಕಾಲೇಜಿನಲ್ಲಿ ಇದ್ದದ್ದೇ ಅದು, ಸ್ವಾಮಿ” ಎಂದರು. ಹದಿನಾರರ ಹುಡುಗನು ಊರಿನಲ್ಲಿದ್ದ ಒಂದೇ ಬಾಗಿಲನ್ನು ಹೊಕ್ಕ ಕಾರಣಕ್ಕಾಗಿ ಮೂವತ್ತೆಂಟರ ಗೃಹಸ್ಥನು ಇನ್ನೊಂದು ಬಾಗಿಲಿನ ಹೊರಗೆ ನಿಂತಿದ್ದಾನೆ.

ಇದು ಒಬ್ಬರ ಕಥೆಯಲ್ಲ. ಅಂಗನವಾಡಿಯ ಸಹಾಯಕಿಯು ಕಾರ್ಯಕರ್ತೆಯಾಗಬೇಕೆಂದರೆ ನಿಗದಿಯಾದ ಶಾಲಾ ವಿದ್ಯಾರ್ಹತೆಯನ್ನು ತೋರಿಸಬೇಕು. ಕಚೇರಿಯ ಜವಾನನು ಗುಮಾಸ್ತನಾಗಬೇಕೆಂದರೆ ಅಂಕಪಟ್ಟಿ ಬೇಕು. ಮಕ್ಕಳು ದೊಡ್ಡವರಾದ ಮೇಲೆ ದಾದಿಯ ತರಬೇತಿಗೆ ಹೋಗಬಯಸುವ ತಾಯಿಯೂ, ಬ್ಯಾಂಕಿನ ಮೇಜು ಬೇಸರವಾಗಿ ವೈದ್ಯವೃತ್ತಿಯತ್ತ ಮನಸ್ಸು ತಿರುಗಿದ ಪದವೀಧರನೂ ಹಿಂದಿರುಗಿ ಬಂದು ನಿಲ್ಲಬೇಕಾದದ್ದು ಇದೇ ಶಾಲಾಂತ್ಯ ಪರೀಕ್ಷೆಯ ಹೊಸ್ತಿಲಲ್ಲಿ. ಆದಕಾರಣ ಈ ವಿಷಯವನ್ನು ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ನಗೆಯ ವಿಚಾರ

ಮೊದಲು ನಗುವವರ ಮಾತನ್ನೇ ನೋಡೋಣ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಗಾದೆಯನ್ನು ಹೇಳಿದವರು ನಡತೆಯ ಮಾತನ್ನು ಹೇಳಿದರೇ ಹೊರತು ಪಾಠದ ಮಾತನ್ನಲ್ಲ. ಬಾಲ್ಯದ ದುರಭ್ಯಾಸ ಮುಪ್ಪಿನಲ್ಲಿ ಬಿಡದೆಂಬುದು ಅದರ ಅರ್ಥ. ಮೂವತ್ತು ದಾಟಿದವನಿಗೆ ಸಮೀಕರಣ ಹಿಡಿಯದೆಂದು ಯಾವ ಹಿರಿಯರೂ ಹೇಳಿಲ್ಲ. ಹಾಗೆ ನೋಡಿದರೆ ನಲವತ್ತರ ರೈತನು ಹನಿ ನೀರಾವರಿಯನ್ನೂ, ಐವತ್ತರ ಅಂಗಡಿಕಾರನು ಸರಕು ಸೇವಾ ತೆರಿಗೆಯ ಲೆಕ್ಕವನ್ನೂ, ಅರವತ್ತರ ಅಜ್ಜಿಯು ಮೊಬೈಲಿನಲ್ಲಿ ಹಣ ಕಳುಹಿಸುವುದನ್ನೂ ನಮ್ಮ ಕಣ್ಣೆದುರಿನಲ್ಲಿಯೇ ಕಲಿತಿದ್ದಾರೆ. ಅವರನ್ನು ನೋಡಿ ಯಾರೂ ನಗಲಿಲ್ಲ. ಪರೀಕ್ಷೆಯೆಂದೊಡನೆ ನಗುವುದೇಕೆ? ಪರೀಕ್ಷೆಯು ಮಕ್ಕಳ ವಸ್ತುವೆಂದೂ, ಅದನ್ನು ಎರಡನೆಯ ಬಾರಿ ಮುಟ್ಟುವವನು ಮೊದಲನೆಯ ಬಾರಿ ಸೋತವನೆಂದೂ ನಾವು ತಿಳಿದಿರುವುದೇ ಇದಕ್ಕೆ ಕಾರಣ.

ಅಧಿಕಾರದಲ್ಲಿದ್ದವರೂ ಈ ನಗೆಯಿಂದ ತಪ್ಪಿಸಿಕೊಂಡಿಲ್ಲ. 2020ರಲ್ಲಿ ಝಾರ್ಖಂಡದ ಶಿಕ್ಷಣ ಸಚಿವರಾಗಿದ್ದ ಜಗರನಾಥ್ ಮಹತೋ ಅವರನ್ನು, ಹತ್ತನೆಯ ತರಗತಿಯಷ್ಟೇ ಓದಿದವನು ಶಿಕ್ಷಣ ಸಚಿವನೇ ಎಂದು ಜನ ಮೂದಲಿಸಿದರು. ಅವರು ಜಗಳಕ್ಕೆ ನಿಲ್ಲದೆ ತಮ್ಮ 53ನೆಯ ವಯಸ್ಸಿನಲ್ಲಿ ಹನ್ನೊಂದನೆಯ ತರಗತಿಗೆ ಅರ್ಜಿ ಹಾಕಿದರು. ಆ ಬಳಿಕ ಕಾಯಿಲೆ ಅವರನ್ನು ಹಿಡಿಯಿತು, 2023ರಲ್ಲಿ ತೀರಿಕೊಂಡರು. ಹರಿಯಾಣದ ಮುಖ್ಯಮಂತ್ರಿಗಳಾಗಿದ್ದ ಓಂ ಪ್ರಕಾಶ್ ಚೌತಾಲ ಅವರ ಸಂಗತಿ ಇನ್ನೊಂದು ಬಗೆಯದು. ಅವರ ರಾಜಕೀಯವನ್ನಾಗಲಿ, ಅವರು ಅನುಭವಿಸಿದ ಸೆರೆವಾಸದ ಕಾರಣವನ್ನಾಗಲಿ ನಾವಿಲ್ಲಿ ಎತ್ತುವುದಿಲ್ಲ. ಹತ್ತನೆಯ ತರಗತಿಯ ಇಂಗ್ಲಿಷ್ ಪತ್ರಿಕೆಯೊಂದು ಉಳಿದಿದ್ದ ಕಾರಣ ಅವರ ಹನ್ನೆರಡನೆಯ ತರಗತಿಯ ಫಲಿತಾಂಶವನ್ನು ಮಂಡಲಿಯವರು ತಡೆಹಿಡಿದರು. 2021ರ ಆಗಸ್ಟ್‌ನಲ್ಲಿ, 86ನೆಯ ವಯಸ್ಸಿನಲ್ಲಿ, ಅವರು ಸಿರ್ಸಾದ ಪರೀಕ್ಷಾ ಕೇಂದ್ರದಲ್ಲಿ ಕುಳಿತು ಆ ಪತ್ರಿಕೆಯನ್ನು ಮುಗಿಸಿ 100ಕ್ಕೆ 88 ಅಂಕಗಳನ್ನು ಪಡೆದರು. ಕೆಳಗಿನ ಮೆಟ್ಟಿಲು ಬಿಟ್ಟುಹೋದರೆ ಮೇಲಿನದು ನಿಲ್ಲದೆಂಬ ನಿಯಮ ಮುಖ್ಯಮಂತ್ರಿಗೂ ಒಂದೇ, ಜವಾನನಿಗೂ ಒಂದೇ ಎಂಬುದು ಇದರಿಂದ ತಿಳಿಯತಕ್ಕ ಮಾತು.

ಮಹಾತ್ಮರ ಮರುಪರೀಕ್ಷೆ

ನಮ್ಮ ದೇಶದಲ್ಲಿ ಎರಡನೆಯ ಬಾರಿ ಮೆಟ್ರಿಕ್ಯುಲೇಷನ್ನಿಗೆ ಕುಳಿತವರ ಪೈಕಿ ಅತ್ಯಂತ ಪ್ರಸಿದ್ಧರಾದವರು ಯಾರೆಂದು ಕೇಳಿದರೆ ಬಹಳ ಮಂದಿ ಉತ್ತರ ಕೊಡಲಾರರು. ಅವರು ಮೋಹನದಾಸ ಕರಮಚಂದ ಗಾಂಧಿಯವರು. 1887ರಲ್ಲಿಯೇ ಅವರು ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪಾಸು ಮಾಡಿದ್ದರು. ಬ್ಯಾರಿಸ್ಟರಾಗಲು ಲಂಡನ್ನಿಗೆ ಹೋದ ಮೇಲೆ, ಆ ಓದಿನಿಂದ ತಮ್ಮ ವಿದ್ಯೆ ಗಟ್ಟಿಯಾಗದೆಂದು ಅವರಿಗೆ ತೋರಿತು. ಸ್ನೇಹಿತರೊಬ್ಬರ ಸಲಹೆಯಂತೆ ಲಂಡನ್ ಮೆಟ್ರಿಕ್ಯುಲೇಷನ್ನಿಗೆ ಕಟ್ಟಿದರು. ಲ್ಯಾಟಿನ್ ಭಾಷೆ ಕಡ್ಡಾಯ. ಅವರಿಗೆ ಅದರ ಗಂಧವೇ ಇರಲಿಲ್ಲ. ಕೈಯಲ್ಲಿದ್ದ ಕಾಲ ಐದು ತಿಂಗಳು. 1890ರ ಜನವರಿಯ ಪರೀಕ್ಷೆಯಲ್ಲಿ ಲ್ಯಾಟಿನ್ನಿನಲ್ಲಿ ಫೇಲಾದರು.

ಸೋತ ಮೇಲೆ ಅವರು ಮಾಡಿದ್ದೇನೆಂಬುದನ್ನು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಎರಡು ಕೋಣೆಗಳ ವಾಸವನ್ನು ಬಿಟ್ಟು ಒಂದೇ ಕೋಣೆಗೆ ಬಂದರು. ಒಲೆಯೊಂದನ್ನು ತಂದು ಬೆಳಗಿನ ಗಂಜಿಯನ್ನು ತಾವೇ ಬೇಯಿಸಿಕೊಂಡರು. ದಿನದ ಖರ್ಚನ್ನು ಒಂದು ಷಿಲ್ಲಿಂಗ್ ಮೂರು ಪೆನ್ಸಿಗೆ ಇಳಿಸಿದರು. ಉಳಿದ ಹೊತ್ತನ್ನೆಲ್ಲ ಓದಿಗೆ ಕೊಟ್ಟರು. ಮೊದಲ ಬಾರಿ ತೆಗೆದುಕೊಂಡಿದ್ದ ರಸಾಯನಶಾಸ್ತ್ರವು ಪ್ರಯೋಗಗಳಿಲ್ಲದೆ ರುಚಿಸದಿದ್ದುದರಿಂದ ಅದನ್ನು ಬಿಟ್ಟು ಉಷ್ಣ ಮತ್ತು ಬೆಳಕಿನ ವಿಷಯವನ್ನು ಆರಿಸಿಕೊಂಡರು. ಅದೇ ವರ್ಷ ಜೂನ್‌ನಲ್ಲಿ ಪಾಸಾದರು. ಆಗ ಕಲಿತ ಲ್ಯಾಟಿನ್ ರೋಮನ್ ಕಾನೂನಿನ ಪರೀಕ್ಷೆಯಲ್ಲಿಯೂ, ಮುಂದೆ ದಕ್ಷಿಣ ಆಫ್ರಿಕದ ವಕೀಲಿಯಲ್ಲಿಯೂ ತಮಗೆ ನೆರವಾಯಿತೆಂದು ಅವರು ಸ್ಮರಿಸಿದ್ದಾರೆ.

ಇದರಲ್ಲಿ ಇಂದಿನ ಅಭ್ಯರ್ಥಿಗೆ ಮೂರು ಪಾಠಗಳಿವೆ. ಸೋಲು ಒಂದು ವಿಷಯದಲ್ಲಿ ಮಾತ್ರ ಆದದ್ದು, ಮನುಷ್ಯನಲ್ಲಿ ಅಲ್ಲ ಎಂಬುದು ಒಂದು. ಓದಿಗೆ ಸಮಯ ಬೇಕಾದರೆ ಬದುಕಿನ ಖರ್ಚನ್ನು ಮೊದಲು ಇಳಿಸಬೇಕೆಂಬುದು ಎರಡು. ವಿಷಯವನ್ನು ಆರಿಸಿಕೊಳ್ಳುವುದರಲ್ಲಿ ವಿವೇಕ ಬೇಕೆಂಬುದು ಮೂರು.

ಪರೀಕ್ಷೆ ಯಾರದು?

ಈ ಪರೀಕ್ಷೆಯೆಂಬ ವಸ್ತು ನಮಗೆ ಬಂದ ಬಗೆಯನ್ನೂ ನೆನೆಯಬೇಕು. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಪ್ರವೇಶ ಪರೀಕ್ಷೆ ಅವುಗಳ ಹೆಬ್ಬಾಗಿಲಾಯಿತು. ಕಾಲೇಜಿಗೆ ಹೋಗುವವರನ್ನು ಆರಿಸಲು ಏರ್ಪಟ್ಟ ಆ ಪರೀಕ್ಷೆ ಬರುಬರುತ್ತ ಸರ್ಕಾರಿ ಗುಮಾಸ್ತಗಿರಿಯ ಅಳತೆಗೋಲೂ ಆಯಿತು. ಪರರ ಆಡಳಿತಕ್ಕೆ ಬೇಕಾದವರನ್ನು ಆರಿಸಿ ತೆಗೆಯುವ ಜರಡಿ ಅದು. 1920ರಲ್ಲಿ ಅಸಹಕಾರದ ಕರೆ ಬಂದಾಗ ಸಾವಿರಾರು ತರುಣರು ಆ ಪರೀಕ್ಷೆಗಳಿಗೆ ಬೆನ್ನು ತಿರುಗಿಸಿ ಹೊರಬಂದರು. ನಮ್ಮ ಶಿವರಾಮ ಕಾರಂತರೂ ಕಾಲೇಜನ್ನು ಬಿಟ್ಟವರೇ. ಡಿ.ವಿ. ಗುಂಡಪ್ಪನವರು ಪದವಿಯೊಂದೂ ಇಲ್ಲದೆ ಪಂಡಿತರ ಪಂಕ್ತಿಯಲ್ಲಿ ಕುಳಿತರು. ಆದರೆ ಅವರಂಥವರ ಹೆಸರನ್ನು ಹೇಳಿ, ಪ್ರಮಾಣಪತ್ರದಿಂದೇನು ಎಂದು ಬಡವನಿಗೆ ಉಪದೇಶಿಸುವುದು ಸಲ್ಲದು. ಪ್ರತಿಭೆಯುಳ್ಳವನಿಗೆ ಪತ್ರ ಬೇಡವಾಗಬಹುದು. ಕಾಯ್ದೆ ಬೇಡುವ ಉದ್ಯೋಗಕ್ಕೆ ಹೋಗುವವನಿಗೆ ಅದು ಬೇಕೇ ಬೇಕು.

ಈಗಿನ ಪರೀಕ್ಷೆ ಪರರದಲ್ಲ. 1966ರಲ್ಲಿ ನಮ್ಮ ರಾಜ್ಯದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಲಿ ಸ್ಥಾಪಿತವಾಯಿತು. 2022ರಲ್ಲಿ ಪಿ.ಯು.ಸಿ. ಪರೀಕ್ಷೆಗಳ ಹೊಣೆಯನ್ನೂ ಕೂಡಿಸಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯೆಂದು ಅದನ್ನು ಮಾರ್ಪಡಿಸಲಾಯಿತು. ನಮ್ಮದೇ ಸರ್ಕಾರ ನಡೆಸುವ ಪರೀಕ್ಷೆ ನಮ್ಮವರಿಗೆ ಬಾಗಿಲಾಗಬೇಕೇ ಹೊರತು ಗೋಡೆಯಾಗಬಾರದು.

ಈ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳನ್ನು ಇಡಲಾಗಿದೆಯೆಂಬುದನ್ನು ನ್ಯಾಯವಾಗಿ ಒಪ್ಪಬೇಕು. 2024ರಲ್ಲಿ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಎರಡಕ್ಕೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸಿ, ಅವುಗಳಲ್ಲಿ ಉತ್ತಮವಾದ ಅಂಕಗಳನ್ನು ಉಳಿಸಿಕೊಳ್ಳಲು ಅವಕಾಶವಿತ್ತರು. ಅಲ್ಲಿಯವರೆಗೆ ‘ಪೂರಕ ಪರೀಕ್ಷೆ’ ಎಂಬ ಹೆಸರಿನಲ್ಲಿಯೇ ಒಂದು ಕಳಂಕವಿತ್ತು. ಒಂದು, ಎರಡು, ಮೂರು ಎಂದು ಎಣಿಸಿದಾಗ ಆ ಕಳಂಕ ಕಳೆಯಿತು. 2025ರ ಅಕ್ಟೋಬರ್‌ನಲ್ಲಿ ತೇರ್ಗಡೆಯ ಮಟ್ಟವನ್ನು ಒಟ್ಟಿನಲ್ಲಿ ಶೇಕಡಾ 33ಕ್ಕೆ, ಪ್ರತಿ ವಿಷಯದಲ್ಲಿ ಕನಿಷ್ಠ ಶೇಕಡಾ 30ಕ್ಕೆ ನಿಗದಿಪಡಿಸಿದರು. ಮಟ್ಟವನ್ನು ಇಳಿಸಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನಮ್ಮ ಅಂಗಡಿಯ ಗೃಹಸ್ಥರಿಗೆ ಬೇಕಾದದ್ದು ಮಟ್ಟದ ಇಳಿಕೆಯಲ್ಲ, ವಿಷಯದ ಬದಲಾವಣೆ.

ಮುಕ್ತ ಶಾಲೆಯ ದಾರಿ

ಇಲ್ಲಿ ನಿಜವಾದ ತೊಡಕು ಎದುರಾಗುತ್ತದೆ. ಖಾಸಗಿ ಅಭ್ಯರ್ಥಿಯಾಗಿ ಪಿ.ಯು.ಸಿ. ಪರೀಕ್ಷೆಗೆ ಕಟ್ಟುವವರಿಗೆ ನಮ್ಮ ರಾಜ್ಯದಲ್ಲಿ ಕಲೆ, ವಾಣಿಜ್ಯ ವಿಭಾಗಗಳು ತೆರೆದಿವೆ; ವಿಜ್ಞಾನವಲ್ಲ. ವಿಜ್ಞಾನಕ್ಕೆ ಪ್ರಯೋಗಶಾಲೆ ಬೇಕು, ಪ್ರಯೋಗಶಾಲೆಗೆ ಕಾಲೇಜು ಬೇಕು, ಕಾಲೇಜಿಗೆ ಹಗಲು ಹೊತ್ತು ಬೇಕು. ಹಗಲು ಹೊತ್ತು ಹೋಗಲು ದುಡಿಯುವವನಿಗೆ ಸಾಧ್ಯವಿಲ್ಲ.

ಆದಕಾರಣ ಇಂಥವರ ಪಾಲಿಗೆ ಉಳಿದಿರುವ ಮುಖ್ಯವಾದ ದಾರಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯದು. ಕೇಂದ್ರ ಸರ್ಕಾರದವರು ಇದನ್ನು 1989ರಲ್ಲಿ ಸ್ಥಾಪಿಸಿದರು. ಹತ್ತನೆಯ ತರಗತಿಗೆ 14 ವರ್ಷ, ಹನ್ನೆರಡನೆಯ ತರಗತಿಗೆ 15 ವರ್ಷ ತುಂಬಿರಬೇಕೆಂಬ ಕೆಳಮಿತಿ ಉಂಟು, ಮೇಲ್ಮಿತಿಯಿಲ್ಲ. ಸಾರ್ವಜನಿಕ ಪರೀಕ್ಷೆಗಳು ವರ್ಷಕ್ಕೆ ಎರಡು ಬಾರಿ ನಡೆಯುತ್ತವೆ. ಪ್ರವೇಶ ಪಡೆದ ಮೇಲೆ ಐದು ವರ್ಷಗಳ ಅವಧಿಯಲ್ಲಿ ಒಂಬತ್ತು ಅವಕಾಶಗಳಿವೆ. ಐದು ವಿಷಯಗಳನ್ನೂ ಒಮ್ಮೆಗೇ ಮುಗಿಸಬೇಕಾಗಿಲ್ಲ. ಒಮ್ಮೆ ಎರಡು, ಇನ್ನೊಮ್ಮೆ ಒಂದು ಎಂದು ಪಾಸಾದ ವಿಷಯಗಳು ಲೆಕ್ಕಕ್ಕೆ ಸೇರುತ್ತ ಹೋಗುತ್ತವೆ. ಆಗಲೇ ಹನ್ನೆರಡನೆಯ ತರಗತಿ ಪಾಸಾಗಿರುವವರು ಬೇಕಾದ ಒಂದರಿಂದ ನಾಲ್ಕು ಬಿಡಿ ವಿಷಯಗಳನ್ನು ತೆಗೆದುಕೊಳ್ಳುವ ಭಾಗಶಃ ಪ್ರವೇಶದ ಏರ್ಪಾಡೂ ಅಲ್ಲಿದೆ. ವಿಜ್ಞಾನದ ಪ್ರಯೋಗಗಳನ್ನು ಸಂಸ್ಥೆಯ ಮಾನ್ಯತೆಯುಳ್ಳ ಅಧ್ಯಯನ ಕೇಂದ್ರದಲ್ಲಿ ಮಾಡಬೇಕು.

ಇಷ್ಟು ತಿಳಿದೊಡನೆ ಓಡಿಹೋಗಿ ಶುಲ್ಕ ಕಟ್ಟಬಾರದು. ಭಾಗಶಃ ಪ್ರವೇಶದಲ್ಲಿ ಕೊಡುವುದು ಆಯಾ ವಿಷಯಗಳ ಅಂಕಪಟ್ಟಿ ಮಾತ್ರ, ಹೊಸ ಪ್ರಮಾಣಪತ್ರವಲ್ಲ. ಹಳೆಯ ಕಲಾ ವಿಭಾಗದ ಪತ್ರವನ್ನೂ ಹೊಸ ವಿಜ್ಞಾನದ ಅಂಕಪಟ್ಟಿಯನ್ನೂ ಒಟ್ಟಿಗೆ ಇಟ್ಟರೆ ಒಪ್ಪುತ್ತಾರೆಯೇ ಎಂಬುದನ್ನು ನಿಶ್ಚಯಿಸುವವರು ಪರೀಕ್ಷೆ ನಡೆಸುವವರಲ್ಲ, ಮುಂದೆ ಪ್ರವೇಶ ಕೊಡುವವರು. ವೈದ್ಯಕೀಯ ಪ್ರವೇಶದಲ್ಲಿ ಈ ಪ್ರಶ್ನೆ ಎಷ್ಟು ವರ್ಷ ನ್ಯಾಯಾಲಯಗಳನ್ನು ಸುತ್ತಿತೆಂಬುದನ್ನು ನೋಡಿದರೆ ಎಚ್ಚರಿಕೆಯ ಅಗತ್ಯ ತಿಳಿಯುತ್ತದೆ. ಮುಕ್ತ ಶಾಲೆಯಲ್ಲಿ ಓದಿದವರು ನೀಟ್ ಪರೀಕ್ಷೆಗೆ ಅರ್ಹರಲ್ಲವೆಂಬ ನಿಯಮವಿತ್ತು. 2018ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಸಾಮಾನ್ಯ ವರ್ಗಕ್ಕೆ 25, ಮೀಸಲು ವರ್ಗಗಳಿಗೆ 30 ವರ್ಷಗಳ ಮೇಲ್ಮಿತಿಯಿತ್ತು. 2022ರ ಮಾರ್ಚ್‌ನಲ್ಲಿ ಅದನ್ನು ತೆಗೆದರು. ಹನ್ನೆರಡನೆಯ ತರಗತಿಯ ಬಳಿಕ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರನ್ನು ಒಪ್ಪುವುದಾಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಪ್ರಕಟಿಸಿದ್ದು 2023ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚೆ ಹಣವನ್ನೂ ವರ್ಷಗಳನ್ನೂ ಸುರಿದವರ ಗತಿಯೇನಾಯಿತೆಂದು ಊಹಿಸಿಕೊಳ್ಳಬಹುದು. ಒಡಿಶಾದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು 2020ರಲ್ಲಿ 64ನೆಯ ವಯಸ್ಸಿನಲ್ಲಿ ನೀಟ್ ಪಾಸಾಗಿ ವೈದ್ಯಕೀಯ ಕಾಲೇಜನ್ನು ಸೇರಿದ ಸುದ್ದಿಯನ್ನು ಎಲ್ಲರೂ ಓದಿ ಆನಂದಿಸಿದೆವು. ಅಂಥ ಒಂದು ಸುದ್ದಿಯ ಹಿಂದೆ ನಿಯಮದ ಒಂದು ಪದದಿಂದಾಗಿ ಹಿಂದಿರುಗಿದ ಎಷ್ಟೋ ಮಂದಿ ಇರುತ್ತಾರೆ. ಅವರ ಸುದ್ದಿ ಅಚ್ಚಾಗುವುದಿಲ್ಲ.

ಆದಕಾರಣ ನಮ್ಮ ಮೊದಲನೆಯ ಸಲಹೆ ಇಷ್ಟೆ: ಹಿಂದಿನಿಂದ ಮುಂದಕ್ಕೆ ಹೋಗಬೇಡಿ, ಮುಂದಿನಿಂದ ಹಿಂದಕ್ಕೆ ಬನ್ನಿ. ಸೇರಬೇಕಾದ ಉದ್ಯೋಗ ಯಾವುದು, ಅದಕ್ಕೆ ಬೇಕಾದ ತರಬೇತಿ ಯಾವುದು, ಆ ತರಬೇತಿಗೆ ಬೇಕಾದ ವಿಷಯಗಳು ಯಾವುವು, ಯಾವ ಮಂಡಲಿಯ ಪತ್ರವನ್ನು ಅವರು ಒಪ್ಪುತ್ತಾರೆ, ವಯೋಮಿತಿ ಎಷ್ಟು ಎಂಬ ಐದು ಪ್ರಶ್ನೆಗಳಿಗೆ ಲಿಖಿತವಾಗಿ ಉತ್ತರ ಪಡೆದು, ಆ ಕಾಗದವನ್ನು ಜೋಪಾನವಾಗಿಟ್ಟುಕೊಂಡ ಮೇಲೆಯೇ ಪರೀಕ್ಷೆಯ ಶುಲ್ಕವನ್ನು ಕಟ್ಟಬೇಕು. ಕೌಂಟರಿನಲ್ಲಿ ಯಾರೋ ಹೇಳಿದ ಬಾಯಿಮಾತು ಎರಡು ವರ್ಷದ ನಂತರ ಸಾಕ್ಷಿ ಹೇಳುವುದಿಲ್ಲ. ಖಾತರಿ ಪಾಸು ಮಾಡಿಸುತ್ತೇವೆಂದು ಗೋಡೆಗೋಡೆಗೂ ಚೀಟಿ ಅಂಟಿಸುವವರ ಮಾತಂತೂ ಕಿವಿಗೆ ಬೀಳದಿರುವುದೇ ಕ್ಷೇಮ. ನಕಲಿ ಅಂಕಪಟ್ಟಿ ಸಿಕ್ಕಿಬಿದ್ದ ದಿನ ಹೊಸ ಉದ್ಯೋಗದ ಜೊತೆಗೆ ಹಳೆಯದೂ ಹೋಗುತ್ತದೆ.

ಎರಡನೆಯದು, ಪರೀಕ್ಷೆಯೇ ಬೇಕಿಲ್ಲದ ಕಡೆ ಪರೀಕ್ಷೆಗೆ ಹೋಗಬಾರದು. ಸಾರಿಗೆ ವಾಹನದ ಚಾಲನಾ ಪರವಾನಗಿಗೆ ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಿದರು. ಅದು ತಿಳಿಯದೆ ಇನ್ನೂ ಶಾಲೆಯ ಪತ್ರಕ್ಕಾಗಿ ಅಲೆಯುವವರಿದ್ದಾರೆ. ಐ.ಟಿ.ಐ. ಮುಗಿಸಿದವರು ಮುಕ್ತ ಶಾಲೆಯ ಮೂಲಕ ಶಾಲಾ ಪ್ರಮಾಣಪತ್ರದ ಸಮಾನತೆಯನ್ನು ಪಡೆಯಲು 2016ರಿಂದ ಏರ್ಪಾಡಿದೆ. ಅಂಥವರು ಎಲ್ಲ ವಿಷಯಗಳನ್ನೂ ಮೊದಲಿನಿಂದ ಬರೆಯಬೇಕಾಗಿಲ್ಲ.

ಲೆಕ್ಕಾಚಾರ

ನಮ್ಮ ಗೃಹಸ್ಥರೊಡನೆ ಕುಳಿತು ಕಾಗದದ ಮೇಲೆ ಒಂದು ಲೆಕ್ಕ ಹಾಕಿದೆವು. ವಿಜ್ಞಾನದ ವಿಷಯಗಳನ್ನು ಮುಗಿಸಲು, ಅಂಗಡಿಯ ಕೆಲಸದ ನಡುವೆ, ಒಂದೂವರೆ ವರ್ಷ. ಫಾರ್ಮಸಿ ಡಿಪ್ಲೊಮಾ ಎರಡು ವರ್ಷ. ಅದರ ಬಳಿಕ 500 ಗಂಟೆಗಳ ಪ್ರಾಯೋಗಿಕ ತರಬೇತಿ, ಅದಕ್ಕೆ ಕನಿಷ್ಠ ಮೂರು ತಿಂಗಳು. 2022ರ ನಿಯಮದಂತೆ ನಿರ್ಗಮನ ಪರೀಕ್ಷೆ. ಆಮೇಲೆ ರಾಜ್ಯದ ಫಾರ್ಮಸಿ ಪರಿಷತ್ತಿನಲ್ಲಿ ನೋಂದಣಿ. ಎಲ್ಲವೂ ಸುಸೂತ್ರವಾಗಿ ನಡೆದರೆ ನಲವತ್ತೆರಡು ತುಂಬುವುದರೊಳಗೆ ಅವರು ನೋಂದಾಯಿತ ಫಾರ್ಮಸಿಸ್ಟರು. ಒಂದು ಪರೀಕ್ಷೆ ತಪ್ಪಿದರೆ ನಲವತ್ಮೂರು.

“ನಲವತ್ಮೂರಕ್ಕೆ ಆಗಿ ಏನು ಪ್ರಯೋಜನವೆಂದು ನಮ್ಮ ಅಣ್ಣ ಕೇಳುತ್ತಾರೆ” ಎಂದರು. ನಾವು ಹೇಳಿದೆವು: ಪರೀಕ್ಷೆಗೆ ಕಟ್ಟಿದರೂ ಕಟ್ಟದಿದ್ದರೂ ನಿಮಗೆ ನಲವತ್ಮೂರು ಆಗಿಯೇ ತೀರುತ್ತದೆ. ಅಂದು ಅಂಗಡಿಯಲ್ಲಿ ಯಾವ ಸ್ಥಾನದಲ್ಲಿ ನಿಂತಿರಬೇಕೆಂಬುದಷ್ಟೇ ಈಗಿನ ಪ್ರಶ್ನೆ. ಆ ವಯಸ್ಸಿನ ಮುಂದೆ ದುಡಿಮೆಯ ಇಪ್ಪತ್ತು ವರ್ಷಗಳಾದರೂ ಉಳಿದಿರುತ್ತವೆ.

ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ಮರೆಮಾಚಲಿಲ್ಲ. ಡಿಪ್ಲೊಮಾದ ಎರಡು ವರ್ಷ ಹಗಲು ತರಗತಿಗಳು. ಆ ಕಾಲದಲ್ಲಿ ಪೂರ್ಣ ಸಂಬಳವಿಲ್ಲ. ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ. ತಂದೆಯ ಡಿಪ್ಲೊಮಾವೂ ಮಗಳ ಎಸ್.ಎಸ್.ಎಲ್.ಸಿ.ಯೂ ಒಂದೇ ಸಮಯಕ್ಕೆ ಬಂದು ನಿಲ್ಲುತ್ತವೆ. ಮನೆಯವರು ಹೊಲಿಗೆಯಿಂದ ಸಂಪಾದಿಸುವುದು ಅಕ್ಕಿ ಬೇಳೆಗೆ ಸಾಕು, ಬಾಡಿಗೆಗೆ ಸಾಲದು. ಆದುದರಿಂದ ಈಗಿನ ಒಂದೂವರೆ ವರ್ಷದಲ್ಲಿಯೇ ಮುಂದಿನ ಎರಡು ವರ್ಷಗಳ ಬಾಡಿಗೆಯನ್ನು ಕೂಡಿಡಲು ಸಾಧ್ಯವೇ ಎಂಬುದು ರಸಾಯನಶಾಸ್ತ್ರಕ್ಕಿಂತ ಮೊದಲು ಬಿಡಿಸಬೇಕಾದ ಲೆಕ್ಕ. ಸಾಲ ಮಾಡಿ ಓದಲು ಹೊರಟವನ ಕಣ್ಣು ಪುಸ್ತಕದ ಮೇಲಿದ್ದರೂ ಮನಸ್ಸು ಬಡ್ಡಿಯ ಮೇಲಿರುತ್ತದೆ. ಈ ಲೆಕ್ಕ ಕೂಡಿಬಾರದಿದ್ದರೆ ಒಂದು ವರ್ಷ ತಡೆಯುವುದು ಸೋಲಲ್ಲ; ಲೆಕ್ಕವಿಲ್ಲದೆ ಧುಮುಕುವುದೇ ಸೋಲಿನ ಮೊದಲು.

ಓದಿನ ಕ್ರಮ

ಓದುವ ಬಗೆಯ ವಿಷಯದಲ್ಲಿ ಅನುಭವಿಗಳಾದ ಉಪಾಧ್ಯಾಯರು ನಮಗೆ ತಿಳಿಸಿದ ನಾಲ್ಕು ಮಾತುಗಳನ್ನು ಇಲ್ಲಿ ಕೊಡುತ್ತೇವೆ. ಹಳೆಯ ಪುಸ್ತಕವನ್ನು ನಂಬಬಾರದು. ನಮ್ಮ ರಾಜ್ಯದ ಪಿ.ಯು.ಸಿ. ವಿಜ್ಞಾನಕ್ಕೆ 2012-13ರಿಂದ ಎನ್.ಸಿ.ಇ.ಆರ್.ಟಿ. ಪಠ್ಯಕ್ರಮ ಬಂದಿದೆ, ಮುಕ್ತ ಶಾಲೆಗೆ ಅದರದೇ ಆದ ಪಾಠಗಳಿವೆ. ಅಣ್ಣನ ಮಗನ ಹಳೆಯ ಗೈಡನ್ನು ಹಿಡಿದು ಕುಳಿತವನು ಇಲ್ಲದ ಪರೀಕ್ಷೆಗೆ ಓದಿದಂತಾಗುತ್ತದೆ. ಎರಡನೆಯದು, ಹನ್ನೆರಡನೆಯ ತರಗತಿಯ ವಿಜ್ಞಾನ ಕಷ್ಟವೆಂದು ಕಂಡರೆ ಅದರ ಕಾರಣ ಬಹುಮಟ್ಟಿಗೆ ಒಂಬತ್ತು, ಹತ್ತನೆಯ ತರಗತಿಗಳ ಗಣಿತದಲ್ಲಿರುತ್ತದೆ. ಎರಡು ತಿಂಗಳು ಅಲ್ಲಿಗೆ ಹಿಂದಿರುಗುವುದರಿಂದ ಆರು ತಿಂಗಳ ಪರದಾಟ ತಪ್ಪುತ್ತದೆ.

ಮೂರನೆಯದು ಕೈಯ ಮಾತು. ವಯಸ್ಕರು ಫೇಲಾಗುವುದು ಎಷ್ಟೋ ವೇಳೆ ತಿಳಿಯದೆ ಅಲ್ಲ, ಬರೆಯಲಾರದೆ. ಮೊಬೈಲಿನ ಮೇಲೆ ಹೆಬ್ಬೆರಳನ್ನು ಆಡಿಸಿ ರೂಢಿಯಾದ ಕೈಗೆ ಮೂರು ಗಂಟೆ ಒಂದೇ ಸಮನೆ ಬರೆಯುವ ಶಕ್ತಿ ಉಳಿದಿರುವುದಿಲ್ಲ. ದಿನಕ್ಕೆ ಒಂದು ಪುಟವಾದರೂ ಗಡಿಯಾರವನ್ನಿಟ್ಟುಕೊಂಡು ಬರೆಯಬೇಕು. ನಾಲ್ಕನೆಯದು, ಹೊಸ ಅರ್ಜಿಯಲ್ಲಿ ಬರೆಯುವ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಇವು ಹಳೆಯ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವಂತೆಯೇ ಅಕ್ಷರಶಃ ಇರಬೇಕು. ಒಂದು ಇನಿಷಿಯಲ್ ಹಿಂದುಮುಂದಾದುದಕ್ಕಾಗಿ ಕಚೇರಿಗಳನ್ನು ಸುತ್ತಿದವರ ಪಾಡನ್ನು ನಮ್ಮ ವಾಚಕರಲ್ಲಿರುವ ಅಧಿಕಾರಿಗಳೇ ಚೆನ್ನಾಗಿ ಬಲ್ಲರು.

ವಯಸ್ಕನಿಗೆ ಇರುವ ಅನುಕೂಲವನ್ನೂ ಹೇಳಬೇಕು. ಹದಿನೇಳರ ಹುಡುಗನಿಗೆ ಆಮ್ಲ ಪ್ರತ್ಯಾಮ್ಲಗಳು ಪುಸ್ತಕದ ಪದಗಳು. ಹೊಟ್ಟೆಯುರಿಯ ಮಾತ್ರೆಯನ್ನು ಹದಿನಾರು ವರ್ಷ ಮಾರಿದವನಿಗೆ ಅವು ದಿನದ ವ್ಯವಹಾರ. ತಾನು ಏತಕ್ಕಾಗಿ ಓದುತ್ತಿದ್ದೇನೆಂಬುದು ಆ ಹುಡುಗನಿಗೆ ಅನೇಕ ವೇಳೆ ತಿಳಿದಿರುವುದಿಲ್ಲ; ಇವನಿಗೆ ತಿಳಿದಿರುತ್ತದೆ.

ಸರ್ಕಾರದವರೂ ಸಮಾಜದವರೂ ಮಾಡಬೇಕಾದದ್ದು

1940ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ವಯಸ್ಕರ ಶಿಕ್ಷಣಕ್ಕಾಗಿ ಸಮಿತಿಯೊಂದು ಏರ್ಪಟ್ಟು, ಊರೂರುಗಳಲ್ಲಿ ಕನ್ನಡದ ಅಕ್ಷರವನ್ನು ಹರಡಿತು. ಅಂದಿನ ಕೊರತೆ ಅಕ್ಷರದ್ದು. ಇಂದಿನ ಕೊರತೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಓದು ಬರಹ ಬಂದರೂ ಬಾಗಿಲು ತೆರೆಯದ ಪತ್ರವನ್ನು ಹಿಡಿದು ನಿಂತಿರುವವರ ಕೊರತೆ ಇದು. ಇದಕ್ಕೆ ಬೇಕಾದದ್ದು ದೊಡ್ಡ ಯೋಜನೆಯಲ್ಲ, ಸಣ್ಣ ಕೆಲವು ಏರ್ಪಾಡುಗಳು.

ಜಿಲ್ಲೆಗೊಂದು ಸರ್ಕಾರಿ ಪದವಿಪೂರ್ವ ಕಾಲೇಜಿನ ಪ್ರಯೋಗಶಾಲೆಯನ್ನಾದರೂ ಭಾನುವಾರ ವಯಸ್ಕ ಅಭ್ಯರ್ಥಿಗಳಿಗಾಗಿ ತೆರೆದಿಡಬೇಕು. ಆ ದಿನ ಹೇಗೂ ಬೀಗ ಬಿದ್ದಿರುವ ಕೋಣೆ. ಬೇಕಾದದ್ದು ಒಬ್ಬ ಉಪನ್ಯಾಸಕರು, ಒಬ್ಬ ಸಹಾಯಕರು, ಒಂದಿಷ್ಟು ದ್ರಾವಣಗಳು. ಪ್ರಯೋಗವಿಲ್ಲದ ರಸಾಯನಶಾಸ್ತ್ರ ಗಾಂಧಿಯವರಿಗೇ ರುಚಿಸಲಿಲ್ಲವೆಂದ ಮೇಲೆ ಉಳಿದವರ ಪಾಡೇನು? ಈ ಏರ್ಪಾಡಾದರೆ ರಾಜ್ಯದ ಮಂಡಲಿಯವರೇ ವಿಜ್ಞಾನಕ್ಕೂ ಖಾಸಗಿ ಅಭ್ಯರ್ಥಿಗಳನ್ನು ಒಪ್ಪಲು ಅಡ್ಡಿಯಿರದು. ಎರಡನೆಯದಾಗಿ, ಕನ್ನಡದಲ್ಲಿ ಓದಿ ಬಂದವರಿಗೆ ವಿಜ್ಞಾನದ ಪಾಠಗಳನ್ನು ಕನ್ನಡದಲ್ಲಿ ವಿವರಿಸುವ ಪುಸ್ತಕಗಳು ಬೇಕು. ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲಿಯೂ ದೊರೆಯುತ್ತಿದೆ. ಪ್ರಶ್ನೆ ಕನ್ನಡದಲ್ಲಿ ಬಂದು ಪಾಠ ಮಾತ್ರ ಇಂಗ್ಲಿಷಿನಲ್ಲಿ ಉಳಿದರೆ ಅದರಿಂದ ಯಾರಿಗೆ ಲಾಭ? ಮೂರನೆಯದಾಗಿ, ಯಾವ ಮಂಡಲಿಯ ಯಾವ ಪತ್ರ ಯಾವ ತರಬೇತಿಗೆ ಸಲ್ಲುತ್ತದೆಂಬುದನ್ನು ಒಂದೇ ಪಟ್ಟಿಯಾಗಿ ಪ್ರತಿವರ್ಷ ಕನ್ನಡದಲ್ಲಿ ಪ್ರಕಟಿಸಬೇಕು. ಈ ಒಂದು ಕಾಗದದಿಂದ ಸಾವಿರಾರು ಜನರ ಅಲೆದಾಟ ತಪ್ಪುತ್ತದೆ.

ಮಾಲೀಕರಲ್ಲಿಯೂ ನಮ್ಮದೊಂದು ವಿನಂತಿ. ಪರೀಕ್ಷೆಯ ದಿನಗಳಿಗೆ ರಜೆ, ಅದಕ್ಕೆ ಮುಂಚಿನ ಒಂದು ತಿಂಗಳು ಸಂಜೆ ಒಂದು ಗಂಟೆ ಮೊದಲು ಬಿಡುಗಡೆ. ಇದಕ್ಕಿಂತ ಹೆಚ್ಚನ್ನು ನೌಕರನು ಕೇಳುತ್ತಿಲ್ಲ. ಓದಿದವನು ಬಿಟ್ಟುಹೋದಾನೆಂಬ ಭಯ ಮಾಲೀಕನಿಗೆ ಸಹಜ. ಓದಲು ಬಿಡದ ಅಂಗಡಿಯನ್ನು ಅವನು ಓದದೆಯೂ ಬಿಟ್ಟಾನು. ಓದಿಸಿದ ಅಂಗಡಿಯನ್ನು ಅಷ್ಟು ಬೇಗ ಮರೆಯಲಾರನು. ಈ ಮಾತನ್ನು ಪರರಿಗೆ ಹೇಳುವ ಮುನ್ನ ನಮ್ಮ ಮನೆಯಲ್ಲಿಯೇ ಆರಂಭಿಸುವುದು ನ್ಯಾಯ. ಈ ಲೇಖಕನ ಸ್ವಂತ ಓದು ಪಾಠಶಾಲೆಯಲ್ಲಿ ಮೊದಲಾಗಿ ಮೆಟ್ರಿಕ್‌ನೊಂದಿಗೆ ಮುಗಿದದ್ದು; ಮುಂದೆ ಓದಬೇಕಿತ್ತೆಂಬ ಕೊರಗು ಏನೆಂಬುದು ಅವನಿಗೆ ಗೊತ್ತು. ನಮ್ಮ ಮುದ್ರಣಾಲಯದ ಸಿಬ್ಬಂದಿಯಲ್ಲಿ ಯಾರು ಪರೀಕ್ಷೆಗೆ ಕಟ್ಟಿದರೂ ಮೇಲೆ ಹೇಳಿದ ರಜೆಯನ್ನೂ ಪರೀಕ್ಷೆಯ ಶುಲ್ಕವನ್ನೂ ಕಚೇರಿಯಿಂದ ಕೊಡತಕ್ಕದ್ದೆಂದು ನಿಶ್ಚಯಿಸಿದ್ದೇವೆ.

ಗೃಹಸ್ಥರು ಎದ್ದು ನಿಂತಾಗ ರಾತ್ರಿ ಎಂಟಾಗಿತ್ತು. ಅಂಕಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು, ಲೆಕ್ಕ ಬರೆದ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. “ಮಗಳಿಗೆ ಗಣಿತ ಚೆನ್ನಾಗಿ ಬರುತ್ತದೆ. ಒಂಬತ್ತನೆಯ ತರಗತಿಯ ಪುಸ್ತಕ ಹೇಗೂ ಮುಂದಿನ ವರ್ಷ ಮನೆಗೆ ಬರುತ್ತದೆ, ಇಬ್ಬರೂ ಒಟ್ಟಿಗೆ ಓದಬಹುದು” ಎಂದರು. ಫಾರ್ಮಸಿ ಪರಿಷತ್ತಿಗೆ ಬರೆಯಬೇಕಾದ ಪತ್ರದ ಒಕ್ಕಣೆಯನ್ನು ಅಲ್ಲಿಯೇ ಬರೆದುಕೊಟ್ಟೆವು. ಅದಕ್ಕೆ ಉತ್ತರ ಬಂದ ಮೇಲೆ ಶುಲ್ಕ ಕಟ್ಟುವುದಾಗಿ ಹೇಳಿ ಹೋದರು. ಉತ್ತರ ಬೇಗನೆ ಬರುವಂತೆ ನೋಡಿಕೊಳ್ಳುವುದು ಈಗ ಮೇಜಿನ ಆ ಕಡೆ ಕುಳಿತಿರುವವರ ಕರ್ತವ್ಯ. ಅವರಲ್ಲಿ ಬಹಳ ಮಂದಿ ಈ ಪತ್ರಿಕೆಯ ವಾಚಕರು.